ಹತ್ತೊಂಬತ್ತರ ಮೀಸೆ

ಆ ಮೀಸೆ ಬರೆದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರೋ ಬಂದು ನಿಮ್ಮ ಕಿವಿ ಊದುವುದು ಬೇಡ. ನನ್ನ ಹತ್ತಿರವಿರುವ ಅತಿ ಸಪೂರ ಕುಂಚ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಒಂದೊಂದೇ ಕೂದಲಾಗಿ ಬರೆದೆ. ಬರೆದು ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಪರವಾಗಿಲ್ಲ, ಕೈ ಇನ್ನೂ ನಡುಗುತ್ತಿಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಈಗ ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಬೀದಿಯಲ್ಲಿ ನನ್ನನ್ನು ಬೋರ್ಡಕ್ಕ ಅನ್ನುತ್ತಾರೆ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಅವನ ಏಣಿ ಹಿಡಿದುಕೊಂಡು ನಿಲ್ಲುತ್ತಿದ್ದವಳು ನಾನು, ಅವನಿಗೆ ಮಂಡಿನೋವು ಬಂದ ಮೇಲೆ ಏಣಿ ಹತ್ತಿದವಳೂ ನಾನೇ. ವಯಸ್ಸು ಐವತ್ತೆಂಟು, ಮದುವೆ ಇಲ್ಲ, ಕೋಪ ಜಾಸ್ತಿ: ಊರಿಗೆ ನನ್ನ ಬಗ್ಗೆ ಗೊತ್ತಿರುವುದು ಇಷ್ಟು. ಯಂತ್ರದಲ್ಲಿ ಅಚ್ಚಾಗುವ ಪ್ಲಾಸ್ಟಿಕ್ ಬೋರ್ಡು ಬಂದ ಮೇಲೆ ಅಕ್ಷರದ ಕೆಲಸ ಅರ್ಧಕ್ಕರ್ಧ ಹೋಯಿತು. ಉಳಿದದ್ದು ಸತ್ತವರ ಮುಖ. ಜನ ಬೆಂಕಿಪೊಟ್ಟಣದಷ್ಟು ಫೋಟೋ ತರುತ್ತಾರೆ. ನಾನು ಅದರ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆದು, ಅಷ್ಟೇ ಚೌಕ ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಎಳೆದು, ಒಂದೊಂದೇ ಮನೆ ತುಂಬಿಸುತ್ತಾ ಹೋಗುತ್ತೇನೆ.

ಫೋಟೋ ಜೊತೆ ತಿದ್ದುಪಡಿಯೂ ಬರುತ್ತದೆ. ಅತ್ತೆಯ ಉಬ್ಬುಹಲ್ಲು ಸ್ವಲ್ಪ ಒಳಗೆ ಹಾಕಿ. ಮಾವನ ಬೋಳುತಲೆಗೆ ನಾಲ್ಕು ಕೂದಲು ಕೊಡಿ. ಚಿಕ್ಕಪ್ಪನ ಬನಿಯನ್ನು ತೆಗೆದು ಕೋಟು ತೊಡಿಸಿ. ತೊಡಿಸುತ್ತೇನೆ. ಬದುಕಿದ್ದಾಗ ಒಂದು ಹೊಸ ಅಂಗಿ ಕೊಡಿಸದವರೂ ಸತ್ತ ಮೇಲೆ ಕೋಟು ಕೊಡಿಸುತ್ತಾರೆ, ಯಾಕೆಂದರೆ ಬಣ್ಣದ ಕೋಟಿಗೆ ದರ್ಜಿಯ ಕೂಲಿ ಇಲ್ಲ. ಯಾಕೆ ಏನು ಅಂತ ನಾನು ಕೇಳುವವಳಲ್ಲ. ಕೇಳಬಾರದು ಅಂತ ಅಪ್ಪನೇ ಹೇಳಿಕೊಟ್ಟಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಕಸುಬು ನಮ್ಮದು.

ಹಾಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಡಬ್ಬಿ ಕಾರ್ಖಾನೆಯ ಮ್ಯಾನೇಜರು ಅಂಗಡಿಗೆ ಬಂದ. ಬಿಸ್ಕತ್ತಿಗೆ, ಬಣ್ಣಕ್ಕೆ ತಗಡಿನ ಡಬ್ಬಿ ಮಾಡುವ ಕಾರ್ಖಾನೆ ಅದು; ಅದರ ಒಳಗಿನ ಬೋರ್ಡುಗಳನ್ನೆಲ್ಲ ಬರೆದವಳು ನಾನೇ ಆದ್ದರಿಂದ ಪರಿಚಯ ಹಳೆಯದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಅವನ ಹಿಂದೆ ಒಬ್ಬ ಹೆಂಗಸು ಬಂದಳು, ನಲವತ್ತರ ಆಸುಪಾಸು. ಅವಳ ಎರಡೂ ಅಂಗೈ ಬಿಸಿಗೆ ಕೆಂಪಾಗಿ ಚರ್ಮ ಸುಲಿದಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು ಅಂತ ಆಮೇಲೆ ಗೊತ್ತಾಯಿತು.

"ಅಕ್ಕಾ, ನಮ್ಮ ಹುಡುಗ ಒಬ್ಬ ಹೋಗ್ಬಿಟ್ಟ. ಇವ್ರ ದೊಡ್ಡ ಮಗ," ಅಂದ ಮ್ಯಾನೇಜರು. "ತಗಡಿನ ಹೊರೆ ಎತ್ತೋ ಕ್ರೇನಿನ ಕೊಂಡಿ ಕಳಚ್ತು. ಯಾರ ಕೈಲೂ ಇರ್ಲಿಲ್ಲ ಬಿಡಿ. ಶನಿವಾರ ಕ್ಯಾಂಟೀನಲ್ಲಿ ಒಂದು ಸಂತಾಪ ಸಭೆ ಇಟ್ಕೊಂಡಿದೀವಿ. ಅಷ್ಟರೊಳಗೆ ಒಂದು ಒಳ್ಳೆ ಚಿತ್ರ ಆಗ್ಬೇಕು. ಸಭೆ ಮುಗಿದ ಮೇಲೆ ಚಿತ್ರ ಈ ತಾಯಿಗೇ. ಖರ್ಚು ನಮ್ದು."

ಫೋಟೋ ಕೊಟ್ಟ. ಶಾಲೆ ಬಿಡುವಾಗ ತೆಗೆಸಿದ್ದಿರಬೇಕು. ಉದ್ದ ಕತ್ತು, ಸಣ್ಣ ಮುಖಕ್ಕೆ ಹೊಂದದ ದೊಡ್ಡ ಕಿವಿ, ತುಟಿ ಬಿಗಿ ಮಾಡಿಕೊಂಡು ದೊಡ್ಡವನ ಹಾಗೆ ಕಾಣಲು ಪಾಡುಪಡುತ್ತಿರುವ ಹುಡುಗ.

"ಇದು ಹಳೇ ಫೋಟೋ," ಅಂದ ಅವನು. "ಈಗ ಹತ್ತೊಂಬತ್ತು ಅವನಿಗೆ. ಒಂದು ಮೀಸೆ ಇರ್ಲಿ. ಗಂಡಸು ಗಂಡಸಿನ ಹಾಗೆ ಕಾಣ್ಬೇಕಲ್ಲ."

ನಾನು ಆ ತಾಯಿಯ ಮುಖ ನೋಡಿದೆ. ಮೀಸೆ ಬೇಕೋ ಬೇಡವೋ ಅಂತ ಹೇಳಬೇಕಾದವಳು ಅವಳು.

"ಇರ್ಲಿ ಅಕ್ಕಾ," ಅಂದಳು ಅವಳು, ನೆಲ ನೋಡುತ್ತಾ. "ಅವನಿಗೂ ಬಹಳ ಆಸೆ ಇತ್ತು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ತುಟಿ ಮೇಲೆ ಬೆರಳಾಡಿಸ್ಕೋತಿದ್ದ. ಒಂದಿನ ಪೆನ್ಸಿಲಲ್ಲಿ ಗೀಚ್ಕೊಂಡು ಬಂದು, ಅಮ್ಮಾ ನೋಡು ಅಂದ. ತಮ್ಮ ಬಿದ್ದು ಬಿದ್ದು ನಕ್ಕ."

ಇದನ್ನು ಕೇಳಿದ ಮೇಲೆ ಯಾವ ಚಿತ್ರಗಾರ ಮೀಸೆ ಬರೆಯುವುದಿಲ್ಲ ಹೇಳಿ. ಹುಡುಗನಿಗೆ ಭೂಮಿಯ ಮೇಲೆ ಸಿಗದೇ ಹೋದದ್ದನ್ನು ನಾನು ಕೊಡುತ್ತೇನೆ ಅಂತ ಹೆಮ್ಮೆಯಿಂದಲೇ ಒಪ್ಪಿಕೊಂಡೆ. ಹೋಗುವಾಗ ಮ್ಯಾನೇಜರು ಒಂದು ಚೀಟಿ ಕೊಟ್ಟ, ಚಿತ್ರದ ಕೆಳಗೆ ಬರೆಯಲು: ಹೆಸರು, ಹುಟ್ಟಿದ ತಾರೀಕು, ಸತ್ತ ತಾರೀಕು.

ಮೂರು ದಿನ ಆ ಹುಡುಗ ನನ್ನ ಜೊತೆಗೇ ಇದ್ದ. ಹೊಸ ಮುಖ ಬರೆಯುವಾಗ ನಾನು ಅದರ ಜೊತೆ ಮಾತಾಡುತ್ತೇನೆ. ಕೇಳಿದವರು ತಲೆ ಕೆಟ್ಟಿದೆ ಅಂದುಕೊಳ್ಳಲಿ. "ಕಿವಿ ಯಾಕೋ ಹೀಗೆ ಬಿಟ್ಕೊಂಡಿದೀಯ, ಗಾಳಿಗೆ ಹಾರಿ ಹೋಗ್ತೀಯ," ಅಂದೆ. ಕಿವಿಯನ್ನು ಮಾತ್ರ ಚಿಕ್ಕದು ಮಾಡಲಿಲ್ಲ. ಎಲ್ಲದಕ್ಕಿಂತ ಹೆಚ್ಚು ಸತಾಯಿಸಿದ್ದು ಮೇಲ್ತುಟಿ. ಮಕ್ಕಳ ತುಟಿ ಮೆತ್ತಗೆ ಉಬ್ಬಿರುತ್ತದೆ, ಗಂಡಸರದು ಒತ್ತಿಕೊಂಡಿರುತ್ತದೆ. ಇವನದು ಎರಡೂ ಅಲ್ಲ. ಬರೆದು ಅಳಿಸಿ ಬರೆದು ಕೊನೆಗೆ ಸರಿಯಾಯಿತು. ಬೇಗ ಒಣಗಲಿ ಅಂತ ಬಣ್ಣಕ್ಕೆ ಡ್ರೈಯರ್ ಬೆರೆಸಿ ಅದನ್ನು ಒಣಗಲು ಬಿಟ್ಟೆ. ಮೀಸೆಯವನಾದರೂ ಮೊದಲು ಬರಿಯ ತುಟಿ ಬರೆ, ಅದು ಒಣಗಿದ ಮೇಲೆ ಕೂದಲು ಬರೆ, ಇಲ್ಲದಿದ್ದರೆ ಮೀಸೆ ಅಂಟಿಸಿದ ಹಾಗೆ ಕಾಣುತ್ತದೆ ಅನ್ನುವುದು ಅಪ್ಪನ ಪಾಠ. ಬುಧವಾರ ಸಂಜೆ ಅದರ ಮೇಲೆ, ಡ್ರೈಯರ್ ಬೆರೆಸದ ಬಣ್ಣದಲ್ಲಿ, ಮೀಸೆ ಬರೆದೆ. ಹುಡುಗ ಮಾಯವಾಗಿ ಅವನ ಜಾಗದಲ್ಲಿ ಒಬ್ಬ ಯುವಕ ನಿಂತ.

ಗುರುವಾರ ಮಧ್ಯಾಹ್ನ ತಾಯಿ ಒಬ್ಬಳೇ ಬಂದಳು. ಲಾಂಡ್ರಿಯಲ್ಲಿ ಅರ್ಧ ಗಂಟೆ ಬಿಡುವು ಕೇಳಿಕೊಂಡು ಬಂದಿದ್ದಳಂತೆ. ಬಟ್ಟೆ ಸರಿಸಿ ಚಿತ್ರ ತೋರಿಸಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

"ಇವರಪ್ಪನ ಹಾಗೇ ಕಾಣ್ತಾನೆ," ಅಂದಳು. "ಇಷ್ಟು ದೊಡ್ಡವನಾಗ್ತಿದ್ದ ಅಲ್ವಾ ಅಕ್ಕಾ."

ಗಂಡ ಹೋಗಿ ಒಂಬತ್ತು ವರ್ಷ ಆಯಿತಂತೆ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಕಿವಿಯಿಂದ ಶುರುಮಾಡಿ ಇಷ್ಟಿಷ್ಟೇ ನೋಡುತ್ತಾ ಕೆಳಗೆ ಬಂದಳು. ಅಂಚಿನಲ್ಲಿ ನಾನು ಬೆಳಿಗ್ಗೆಯಷ್ಟೇ ಬರೆದಿದ್ದ ಅಕ್ಷರಗಳಿದ್ದವು. ಬೆರಳಿಟ್ಟು ಹೆಸರು ಓದಿದಳು, ತಾರೀಕು ಓದಿದಳು. ಇಸವಿಯ ಹತ್ತಿರ ಬೆರಳು ನಿಂತಿತು.

"ಇದು ತಪ್ಪಾಗಿದೆ ಅಕ್ಕಾ. ಮೂರು ವರ್ಷ ಹಿಂದಕ್ಕೆ ಬರೆದಿದೀರಿ."

ನನಗೆ ಸಿಟ್ಟು ಬಂತು. ನಲವತ್ತು ವರ್ಷದಲ್ಲಿ ಒಂದು ಅಂಕಿ ತಪ್ಪು ಬರೆದವಳಲ್ಲ ನಾನು. ಚೀಟಿ ತಂದು ಅವಳ ಮುಂದೆ ಹಿಡಿದೆ. "ನೋಡಮ್ಮಾ, ಇದ್ದದ್ದನ್ನ ಬರ್ದಿದೀನಿ. ತಪ್ಪು ನಂದಲ್ಲ."

ಅವಳು ಚೀಟಿ ನೋಡಿದಳು. ಅದು ಯಾರ ಕೈಬರಹ ಅಂತ ಅವಳಿಗೆ ಗೊತ್ತಾಯಿತು. ಮುಖದ ಬಣ್ಣವೇ ಹೋಯಿತು.

"ಹಾಗಾದ್ರೆ ಬಿಡಿ," ಅಂದಳು, ಎದ್ದು ನಿಂತು. "ಇರ್ಲಿ ಹಾಗೇ. ನಾನೇ ಮರೆತಿದ್ದೆ."

ಹೆತ್ತವಳು ಮಗ ಹುಟ್ಟಿದ ಇಸವಿ ಮರೆಯುತ್ತಾಳಂತೆ. ನಾನು ಬಾಗಿಲಿಗೆ ಅಡ್ಡ ನಿಂತೆ. "ಏನೂ ಮಾಡಲ್ಲ ನಾನು. ಸುಮ್ನೆ ಹೇಳು. ಎಷ್ಟು ವಯಸ್ಸು ಅವನಿಗೆ?"

"ಹದಿನಾರು ತುಂಬಿ ಏಳು ತಿಂಗಳು," ಅಂತ ಹೇಳಿ ನನ್ನ ತೋಳಿನ ಕೆಳಗಿಂದ ನುಸುಳಿಕೊಂಡು ಹೋದಳು.

ನಾನು ಅಲ್ಲೇ ನಿಂತೆ. ಹದಿನಾರಕ್ಕೂ ಹತ್ತೊಂಬತ್ತಕ್ಕೂ ಮೂರು ವರ್ಷ, ಅದರಲ್ಲೇನು ಅಂತ ಬೇರೆಯವರು ಅಂದುಕೊಳ್ಳಬಹುದು. ನಾನು ಅಂದುಕೊಳ್ಳುವ ಹಾಗಿರಲಿಲ್ಲ. ಆ ಕಾರ್ಖಾನೆಯಲ್ಲಿ ಕ್ರೇನಿನ ಕೆಳಗೆ ನೆಲದ ಮೇಲೆ ಹಳದಿ ಗೆರೆ ಎಳೆದವಳು ನಾನು. ಪಕ್ಕದ ಗೋಡೆಯ ಮೇಲೆ, ಏಣಿ ಹಾಕಿಕೊಂಡು, ಕೆಂಪು ಬಣ್ಣದಲ್ಲಿ, ಒಂದೊಂದು ಅಕ್ಷರ ಒಂದೊಂದು ಗೇಣು: ಹದಿನೆಂಟು ವರ್ಷ ತುಂಬದವರು ಈ ಗೆರೆ ದಾಟುವಂತಿಲ್ಲ. ಸರ್ಕಾರದ ಕಾನೂನು, ದಪ್ಪಗೆ ಬರೀರಿ ಅಂತ ಹೇಳಿದ್ದು ಇದೇ ಮ್ಯಾನೇಜರು. ದಪ್ಪಗೆ ಬರೆದಿದ್ದೆ.

ಈಗ ಅರ್ಥವಾಯಿತು. ಹದಿನಾರರ ಹುಡುಗನನ್ನು ಆ ಗೆರೆಯೊಳಗೆ ನಿಲ್ಲಿಸಿ ಕೊಂದಿದ್ದಾರೆ. ಸತ್ತವನಿಗೆ ವಯಸ್ಸು ಬೆಳೆಯುವುದಿಲ್ಲ, ಅದಕ್ಕೆ ನನ್ನ ಕೈಲಿ ಬೆಳೆಸಿದ್ದಾರೆ.

ಅಂಗಡಿಗೆ ಬೀಗ ಹಾಕಲೂ ಇಲ್ಲ, ಸೀದಾ ಕಾರ್ಖಾನೆಗೆ ಹೋದೆ. ಮ್ಯಾನೇಜರು ತನ್ನ ಕೋಣೆಯಲ್ಲಿ ಟೀ ಕುಡಿಯುತ್ತಿದ್ದ. ನನಗೂ ತರಿಸಿದ. ನಾನು ಮುಟ್ಟಲಿಲ್ಲ.

"ಆ ಹುಡುಗನಿಗೆ ಹದಿನಾರು," ಅಂದೆ.

"ಯಾರು ಹೇಳಿದ್ದು?"

"ಹೆತ್ತವಳು."

ಅವನು ಟೀ ಲೋಟ ಕೆಳಗಿಟ್ಟ. ಬೆವರಲಿಲ್ಲ, ತಡಬಡಾಯಿಸಲಿಲ್ಲ. "ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಾಲಿನ ಅಂಗಡಿಯವನಿಗೆ 'ಶುದ್ಧ ಹಾಲು' ಅಂತ ಬೋರ್ಡ್ ಬರ್ಕೊಟ್ರಲ್ಲ, ಹಾಲು ಕುಡಿದು ನೋಡಿ ಬರೆದ್ರಾ?"

ಎಲ್ಲರ ಬಾಯಿ ಮುಚ್ಚಿಸುವವಳ ಬಾಯಿ ಅವತ್ತು ಒಂದು ಲೋಟ ನೀರು ಹಾಲು ಮುಚ್ಚಿಸಿತು.

"ನಮ್ಮ ಕಾಗದದಲ್ಲಿ ಏನಿದೆಯೋ ಅದನ್ನೇ ನಾವು ಹೇಳೋದು," ಅಂತ ಅವನು ಮುಂದುವರಿಸಿದ. "ಹೋದ ವರ್ಷ ಅವನನ್ನ ಕೆಲಸಕ್ಕೆ ಕರ್ಕೊಂಡು ಬಂದು, ಹದಿನೆಂಟು ತುಂಬಿದೆ ಅಂತ ಹೇಳಿದ್ದು ಅದೇ ತಾಯಿ. ಸಹಿ ಇದೆ. ಈಗ ಹದಿನಾರು ಅಂದ್ರೆ ಯಾರ ತಲೆ ಮೇಲೆ ಬರುತ್ತೆ? ನೀವೇ ಯೋಚ್ನೆ ಮಾಡಿ. ಪಾಪದ ಹೆಂಗಸು, ಮಗನ್ನ ಕಳ್ಕೊಂಡಿದಾಳೆ, ಅವಳ ಮೇಲೆ ಕೇಸ್ ಆಗ್ಲಿ ಅಂತೀರಾ? ಶನಿವಾರ ಕಾರ್ಮಿಕ ಇಲಾಖೆ ಇನ್‌ಸ್ಪೆಕ್ಟ್ರು ಬರ್ತಾರೆ, ಫೈಲ್ ಮುಚ್ತಾರೆ. ಸೋಮವಾರದಿಂದ ಅವಳ ಚಿಕ್ಕ ಮಗನಿಗೆ ಅಣ್ಣನ ಜಾಗ ಕೊಡ್ತೀವಿ. ಇದಕ್ಕಿಂತ ಇನ್ನೇನು ಮಾಡ್ಬೇಕು ನಾವು?"

ಧರ್ಮರಾಯನೇ ಕೂತು ಮಾತಾಡಿದ ಹಾಗಿತ್ತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ತಾವು ಬಿದ್ದಾಗ ಸತ್ತವನ ಮುಖಕ್ಕೆ ಮೀಸೆ ಬರೆಸುವವರನ್ನು ಮೊದಲ ಸಲ ಕಂಡೆ. ಇದನ್ನೇ ಅವನ ಮುಖಕ್ಕೆ ಹೇಳಬೇಕಿತ್ತು. ದಾರಿಯಲ್ಲಿ ಅರ್ಧ ಮೈಲಿ ನಡೆದ ಮೇಲೆ ಹೊಳೆಯಿತು. ನನ್ನ ಒಳ್ಳೊಳ್ಳೆ ಮಾತೆಲ್ಲ ಹೀಗೇ, ಮೆಟ್ಟಿಲಿಳಿದ ಮೇಲೆ ಬರುತ್ತವೆ.

ಸಂಜೆ ಆ ತಾಯಿಯ ಮನೆ ಹುಡುಕಿಕೊಂಡು ಹೋದೆ. ಆಸ್ಪತ್ರೆಯ ಹಿಂದಿನ ಸಾಲುಮನೆಗಳಲ್ಲಿ ಒಂದೇ ಕೋಣೆ. ಒಂದು ಮಂಚ, ಒಂದು ಸ್ಟವ್, ಗೋಡೆಗೆ ಆನಿಸಿ ಮಡಚಿಟ್ಟ ಹಾಸಿಗೆ. ಮಂಚದ ತುದಿಯಲ್ಲಿ ಚಿಕ್ಕವನು ಅಣ್ಣನ ಕಾರ್ಖಾನೆ ಅಂಗಿ ತೊಟ್ಟುಕೊಂಡು ಕೂತಿದ್ದ. ತೋಳನ್ನು ಮೂರು ಸುತ್ತು ಮಡಚಿದ್ದರೂ ಬೆರಳ ತುದಿ ಮಾತ್ರ ಕಾಣುತ್ತಿತ್ತು. ತಾಯಿ ಸೂಜಿದಾರ ಹಿಡಿದು ಅದನ್ನು ಗಿಡ್ಡ ಮಾಡುತ್ತಿದ್ದಳು. ನನ್ನನ್ನು ಕಂಡು ಅವನನ್ನು ನೀರು ತರಲು ಹೊರಗೆ ಕಳಿಸಿದಳು.

"ಎಷ್ಟು ಅವನಿಗೆ?" ಅಂದೆ.

"ಹದಿನಾಲ್ಕು."

"ಸೋಮವಾರದಿಂದ ಇವನೂ ಹತ್ತೊಂಬತ್ತಾ?"

"ಡಬ್ಬಿಗೆ ಚೀಟಿ ಅಂಟಿಸೋ ಕೆಲಸ ಅಂತೆ."

"ದೊಡ್ಡವನಿಗೂ ಮೊದಲು ಅದನ್ನೇ ತಾನೇ ಹೇಳಿದ್ದು?"

ಅವಳು ಹೊಲಿಗೆ ಹಾಕುತ್ತಲೇ ಇದ್ದಳು. ನಾನು ಮ್ಯಾನೇಜರು ಹೇಳಿದ್ದನ್ನೆಲ್ಲ ಹೇಳಿದೆ. ಅವಳಿಗೆ ಗೊತ್ತಿಲ್ಲದ್ದು ಅದರಲ್ಲಿ ಒಂದೂ ಇರಲಿಲ್ಲ.

"ನಿಜ ಅಕ್ಕಾ," ಅಂದಳು ಕೊನೆಗೆ. "ಹದಿನೆಂಟು ಅಂತ ಹೇಳಿದ್ದು ನಾನೇ. ಬಾಗಿಲ ಹತ್ರ ನಿಂತು, ಬೆನ್ನು ನೆಟ್ಟಗಿಟ್ಕೋ, ಗಟ್ಟಿಯಾಗಿ ಮಾತಾಡು ಅಂತ ಅವನಿಗೆ ಹೇಳ್ಕೊಟ್ಟಿದ್ದೂ ನಾನೇ. ಈಗ ಯಾವ ಬಾಯಲ್ಲಿ ಹದಿನಾರು ಅನ್ಲಿ? ನನ್ನ ಮಗನ್ನ ನಾನೇ ಆ ಕ್ರೇನ್ ಕೆಳಗೆ ತಳ್ಳಿದ ಹಾಗಲ್ವಾ?"

ಅವಳ ಮೇಲೂ ನನಗೆ ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆ ಸುಲಿದ ಅಂಗೈ ನೋಡಿದ ಮೇಲೆ ಕೋಪ ಅಲ್ಲಿ ನಿಲ್ಲಲಿಲ್ಲ, ಬಂದ ದಾರಿಯಲ್ಲೇ ಕಾರ್ಖಾನೆ ಕಡೆಗೆ ಹೋಯಿತು.

"ನೀನು ಹೇಳ್ದೆ, ಸರಿ. ಅವ್ರು ನಂಬಿದ್ರಾ?" ಅಂದೆ. "ಇಲ್ಲಿ ನೋಡು. ಹತ್ತೊಂಬತ್ತು ಅಂತ ಅವ್ರು ನಿಜವಾಗ್ಲೂ ನಂಬಿದ್ದಿದ್ರೆ, ಫೋಟೋದಲ್ಲಿ ಇದ್ದ ಹಾಗೇ ಬರೀರಿ ಅಂತಿದ್ರು. ಮುಖ ನೋಡಿದ್ರೆ ಗೊತ್ತಾಗುತ್ತೆ ಅಂತ ಅವ್ರಿಗೆ ಗೊತ್ತಿತ್ತು. ಮೊದಲ ದಿನದಿಂದ್ಲೂ ಗೊತ್ತಿತ್ತು. ಅದಕ್ಕೇ ಮೀಸೆ."

ಸೂಜಿ ನಿಂತಿತು.

"ಆ ಮೀಸೆ ಇನ್ನೂ ಹಸಿ ಇದೆ," ಅಂದೆ. "ಕೆಳಗೆ ತುಟಿ ಒಣಗಿದೆ. ಟರ್ಪೆಂಟೈನ್ ಎಣ್ಣೆ ಹಾಕಿ ಒರೆಸಿದ್ರೆ ಹೋಗುತ್ತೆ, ಮಗ ಹಾಗೇ ಉಳೀತಾನೆ. ಇನ್ನು ನಾಲ್ಕು ದಿನ ಬಿಟ್ರೆ ಕಲ್ಲಾಗುತ್ತೆ. ನೀನು ಹೂಂ ಅಂದ್ರೆ ಇವತ್ತೇ ಒರೆಸ್ತೀನಿ."

ಹೊರಗೆ ಚಿಕ್ಕವನು ಕೊಡಕ್ಕೆ ನೀರು ಹಿಡಿಯುವ ಸದ್ದು ಕೇಳುತ್ತಿತ್ತು.

"ಬೇಡ ಅಕ್ಕಾ," ಅಂದಳು. "ಅವನು ದೊಡ್ಡವನಾಗಿದ್ದು ಅದೊಂದರಲ್ಲೇ. ಅದನ್ನೂ ಕಿತ್ಕೋಬೇಡಿ."

ನಾನು ಎದ್ದು ಬಂದೆ. ಶುಕ್ರವಾರ ಟರ್ಪೆಂಟೈನ್ ಬಾಟಲಿಯನ್ನು ಎರಡು ಸಲ ಕೈಗೆ ತೆಗೆದುಕೊಂಡು ಎರಡು ಸಲ ಕೆಳಗಿಟ್ಟೆ. ಮಗ ಅವಳವನು, ಮುಖ ಅವಳದು, ಒರೆಸಲು ನಾನ್ಯಾರು? ಕೊನೆಗೆ ಮಾಡಿದ್ದು ಏನು ಗೊತ್ತೇ? ತಾರೀಕುಗಳನ್ನು ಮಾತ್ರ ಅಳಿಸಿ ಹೆಸರನ್ನು ಉಳಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟು ದಿನ ಜೋರು ಹೆಂಗಸು ಅಂತ ಬೀಗುತ್ತಿದ್ದವಳ ಧೈರ್ಯ ನೋಡಿ.

ಶನಿವಾರ ಚಿತ್ರ ತೂಗುಹಾಕಲು ನಾನೇ ಹೋಗಬೇಕಿತ್ತು. ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಒತ್ತಿ ಬೆಂಚು ಹಾಕಿದ್ದರು. ನೂರಕ್ಕೆ ಹತ್ತಿರ ಜನ. ಒಂದು ಬದಿಯ ಬೆಂಚಿನಲ್ಲಿ ತಾಯಿ ಚಿಕ್ಕವನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ತಿದ್ದಲು ಏನಾದರೂ ಬಂದರೆ ಇರಲಿ ಅಂತ ಸಾಮಾನಿನ ಪೆಟ್ಟಿಗೆ ಒಯ್ದಿದ್ದೆ, ಅದು ನನ್ನ ಯಾವತ್ತಿನ ಅಭ್ಯಾಸ. ಮ್ಯಾನೇಜರು ಚಿತ್ರ ನೋಡಿ ತಲೆಯಾಡಿಸಿದ, ಆಮೇಲೆ ಕೆಳಗಿನ ಅಂಚು ನೋಡಿದ. ಆಫೀಸಿನಿಂದ ಒಂದು ಕಾಗದ ಟೈಪು ಮಾಡಿಸಿ ತರಿಸಿ ಹೆಸರಿನ ಕೆಳಗೆ ಅಂಟಿಸಿಬಿಟ್ಟ: ವಯಸ್ಸು ಹತ್ತೊಂಬತ್ತು. ನನ್ನ ಕೆಲಸದ ಮೇಲೆ ಅಂಟು ಹಚ್ಚಿದ್ದಕ್ಕೇ ಅವನ ಕೈ ಮುರಿಯಬೇಕು ಅನ್ನಿಸಿತು.

ಸಭೆ ಶುರುವಾಯಿತು. ಎರಡು ನಿಮಿಷ ಮೌನ. ಆಮೇಲೆ ಮ್ಯಾನೇಜರು ಎದ್ದು, ನಗುಮುಖದ ಯುವಕ, ಜವಾಬ್ದಾರಿಯುತ ಯುವಕ, ಕಾರ್ಖಾನೆಯ ಕುಟುಂಬದ ಯುವಕ ಅಂತ ಹೇಳಿದ. ಒಂದೇ ಉಸಿರಿಗೆ ಐದು ಸಲ ಯುವಕ ಅಂದ, ನಾನು ಎಣಿಸಿದೆ. ಬೆಂಚಿನ ಮೇಲಿದ್ದವರೆಲ್ಲ ಆ ಹುಡುಗನ ಜೊತೆ ಕೆಲಸ ಮಾಡಿದವರು, ಅವನ ಬೋಳು ತುಟಿ ದಿನಾ ನೋಡಿದವರು. ಒಬ್ಬರೂ ತಲೆ ಎತ್ತಲಿಲ್ಲ. ಅವರನ್ನು ಬೈಯಲು ಬಾಯಿ ಬರುತ್ತದೆ, ಆದರೆ ಮೀಸೆ ಬರೆದವಳು ಬೆಂಚಿನ ಮೇಲೆ ಕೂತವರನ್ನು ಬೈಯುವುದು ಹೇಗೆ?

ಮೊದಲ ಸಾಲಿನಲ್ಲಿ ಇಲಾಖೆಯ ಇನ್‌ಸ್ಪೆಕ್ಟರು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತಿದ್ದರು. ವಯಸ್ಸಾದವರು, ಕೆಟ್ಟವರ ಹಾಗೆ ಕಾಣಲಿಲ್ಲ, ಸುಸ್ತಾದವರ ಹಾಗೆ ಕಂಡರು. ಮಾತು ಮುಗಿದ ಮೇಲೆ ಎದ್ದು ಚಿತ್ರದ ಮುಂದೆ ಬಂದು ನಿಂತರು. ಕನ್ನಡಕ ಏರಿಸಿಕೊಂಡು ನೋಡಿದರು.

"ಗುರುತಿನ ಚೀಟಿಯಲ್ಲಿ ಫೋಟೋ ಸರಿಯಾಗಿ ಕಾಣ್ತಿರ್ಲಿಲ್ಲ," ಅಂದರು. "ಹೂಂ. ಹತ್ತೊಂಬತ್ತು ಅಂದ್ರೆ ಸರಿಯಾಗೇ ಇದೆ." ಫೈಲಿನ ದಾರ ಕಟ್ಟಿದರು.

ಚಿತ್ರ ಸಾಕ್ಷಿಯಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತಿರಬೇಕು. ಆದರೆ ಕಾಗದ ಓದಿ ಅನುಮಾನ ಬಂದವನೂ ಮುಖ ನೋಡಿದ ಮೇಲೆ ಅನುಮಾನ ಬಿಡುತ್ತಾನೆ. ಆ ಅನುಮಾನ ಬಿಡಿಸಿದ್ದು ನನ್ನ ಕುಂಚ. ಏನು ಹೇಳುತ್ತೇನೆ ಅಂತ ನನಗೇ ಗೊತ್ತಿಲ್ಲದೆ ಬಾಯಿ ತೆರೆದೆ.

ಅಷ್ಟರಲ್ಲಿ ಪಕ್ಕದಿಂದ ಯಾರೋ ನನ್ನ ತೋಳು ಹಿಡಿದರು. ಆ ತಾಯಿ. ಚಿಕ್ಕವನ ಪಕ್ಕದಿಂದ ಯಾವಾಗ ಎದ್ದು ಬಂದಳೋ ನೋಡಲಿಲ್ಲ.

"ಆ ಎಣ್ಣೆ ಕೊಡಿ," ಅಂದಳು.

ಪೆಟ್ಟಿಗೆ ಬಿಚ್ಚಿ ಬಾಟಲಿ ಕೊಟ್ಟೆ, ಹಳೆಯ ಬಟ್ಟೆ ಕೊಟ್ಟೆ. "ತಿಕ್ಕಬೇಡ. ಮೆಲ್ಲಗೆ ಒತ್ತಿ ಎಳಿ," ಅಂದೆ.

ಅವಳು ಚಿತ್ರದ ಮುಂದೆ ನಿಂತಳು. ಒಂದು ಕೈಯಲ್ಲಿ ಮಗನ ಗಲ್ಲದ ಹತ್ತಿರ ಚೌಕಟ್ಟು ಹಿಡಿದುಕೊಂಡಳು, ಊಟ ಮಾಡಿದ ಮಗುವಿನ ಬಾಯಿ ಒರೆಸಲು ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ಬಟ್ಟೆ ಅದ್ದಿ, ಎಡಗಡೆಯಿಂದ ಬಲಗಡೆಗೆ ಒಂದು ಸಲ ಎಳೆದಳು. ಕಪ್ಪು ಕಲಸಿಕೊಂಡು ಮುಖವೆಲ್ಲ ಕೊಳಕಾಯಿತು. ಯಾರೋ ಅಯ್ಯೋ ಅಂದರು. ಅವಳ ಕಣ್ಣಿಂದ ನೀರು ಇಳಿಯಿತು, ಆದರೆ ಕೈ ನಿಲ್ಲಲಿಲ್ಲ. ಬಟ್ಟೆ ಮಡಚಿ ಶುಭ್ರವಾದ ಬದಿಯಿಂದ ಇನ್ನೊಂದು ಸಲ, ಮತ್ತೊಂದು ಸಲ. ಬಟ್ಟೆಯ ಕೆಲಸ ಗೊತ್ತಿದ್ದ ಕೈ ಅದು.

ಯುವಕ ಹೋದ. ಹದಿನಾರು ವರ್ಷದ ಹುಡುಗ, ಮಕ್ಕಳದೂ ಅಲ್ಲದ ಗಂಡಸರದೂ ಅಲ್ಲದ ಆ ಮೇಲ್ತುಟಿಯನ್ನು ಬಿಗಿ ಹಿಡಿದುಕೊಂಡು, ದೊಡ್ಡ ಕಿವಿ ಬಿಟ್ಟುಕೊಂಡು ಎಲ್ಲರನ್ನೂ ನೋಡುತ್ತಿದ್ದ. ಬೆಂಚುಗಳಲ್ಲಿ ಒಂದೊಂದೇ ತಲೆ ಮೇಲೆದ್ದಿತು. ಅವರಿಗೆ ಗೊತ್ತಿದ್ದ ಮುಖ ಅದೇ.

ಅವಳು ಟೈಪು ಮಾಡಿದ ಕಾಗದವನ್ನೂ ಕಿತ್ತು ಇನ್‌ಸ್ಪೆಕ್ಟರ ಕೈಗೆ ಕೊಟ್ಟಳು.

"ಹದಿನಾರು ತುಂಬಿ ಏಳು ತಿಂಗಳು ಸಾಹೇಬ್ರೇ. ಹದಿನೆಂಟು ಅಂತ ಸುಳ್ಳು ಹೇಳಿ ಸೇರ್ಸಿದ್ದು ನಾನು. ಅದನ್ನೂ ಬರ್ಕೊಳ್ಳಿ. ಮುಖ ನೋಡಿ ಸುಳ್ಳು ಅಂತ ಗೊತ್ತಾಗಿ ಮೀಸೆ ಬರೆಸಿದ್ದು ಇವ್ರು. ಅದನ್ನೂ ಬರ್ಕೊಳ್ಳಿ."

ಮ್ಯಾನೇಜರು ಎರಡು ಹೆಜ್ಜೆಯಲ್ಲಿ ಅವಳ ಪಕ್ಕಕ್ಕೆ ಬಂದ. ಆಗಲೂ ಅವನ ದನಿ ಏರಲಿಲ್ಲ.

"ಅಮ್ಮಾ, ದುಃಖದಲ್ಲಿ ಏನೇನೋ ಮಾತಾಡ್ಬೇಡಿ. ಚಿಕ್ಕವನ ಯೋಚ್ನೆ ಮಾಡಿ."

"ಅವನ ಯೋಚ್ನೇನೇ ಮಾಡ್ತಿರೋದು," ಅಂದಳು ಅವಳು, ಕಪ್ಪಾದ ಬಟ್ಟೆಯನ್ನು ಅವನ ಮುಂದೆ ಹಿಡಿದು. "ಅವನಿಗೆ ಹದಿನಾಲ್ಕು. ಅವನ ಮೀಸೆ ಯಾವಾಗ ಬರೆಸ್ತೀರಿ? ಸೋಮವಾರ ಕೆಲಸಕ್ಕೆ ಬಂದಾಗ್ಲೋ, ಇವನ ಹಾಗೆ ಸತ್ತ ಮೇಲೋ?"

ಇನ್‌ಸ್ಪೆಕ್ಟರು ಬೆಂಚಿನ ಮೇಲೆ ಕೂತು, ಕಟ್ಟಿದ್ದ ಫೈಲಿನ ದಾರವನ್ನು ಮತ್ತೆ ಬಿಚ್ಚಿದರು.